ಮರದ ಗೇರ್ ಕಿಟ್ ಜೋಡಿಸುವ ಹವ್ಯಾಸ ಹೇಗೆ ಶುರು ಮಾಡಲಿ? ಮೊದಲೇ ಗಡಿಯಾರ ತಗೊಳ್ಳಬಹುದಾ?

ನಿಮ್ಮ ಪ್ರಶ್ನೆಯಲ್ಲಿ ನಾಲ್ಕು ವಿಷಯ ಇವೆ. ಗೇರ್, ರಬ್ಬರ್ ಬ್ಯಾಂಡ್‌ಗಳಿಂದ ಓಡುವ ಮರದ ಕಿಟ್‌ಗಳನ್ನು ನೋಡಿ ಆಸೆಯಾಗಿದೆ, ಆದರೆ ಬಡಗಿ ಕೆಲಸ ಬರುವುದಿಲ್ಲ. ಮೊದಲೇ ಪೆಂಡುಲಮ್ ಗಡಿಯಾರದ ಕಿಟ್ ಕೊಳ್ಳಬಹುದಾ ಅಂತ ಯೋಚನೆ. ಊರು ಶಿರಸಿ ಕಡೆ, ಮಳೆಗಾಲಕ್ಕೆ ಮರ ಹಾಳಾಗುತ್ತದೆಯೇ ಅನ್ನುವ ಭಯ. ಏಳನೇ ತರಗತಿಯ ಮಗಳನ್ನೂ ಜೊತೆಗೆ ಕೂರಿಸಿಕೊಳ್ಳಬೇಕು ಅನ್ನುವ ಆಸೆ. ಕೆಲವು ವರ್ಷಗಳಿಂದ ಭಾನುವಾರದ ಬಿಡುವನ್ನು ನಾನು ಇದಕ್ಕೇ ಕೊಟ್ಟಿದ್ದೇನೆ. ಹಾಗಾಗಿ ಉತ್ತರ ಸ್ವಲ್ಪ ಉದ್ದವಾದರೂ ಪೂರ್ತಿ ಹೇಳುತ್ತೇನೆ.

ಬಡಗಿ ಕೆಲಸ ಬೇಕಾಗುವುದೇ ಇಲ್ಲ. ತುಂಡುಗಳನ್ನೆಲ್ಲ ಪ್ಲೈವುಡ್ ಶೀಟಿನಲ್ಲಿ ಲೇಸರ್‌ನಿಂದ ಕತ್ತರಿಸಿಟ್ಟಿರುತ್ತಾರೆ. ಚಿಕ್ಕ ಚಿಕ್ಕ ಮರದ ಎಳೆಗಳಲ್ಲಿ ಅವು ಶೀಟಿಗೆ ಅಂಟಿಕೊಂಡಿರುತ್ತವೆ. ಒತ್ತಿ ಬಿಡಿಸಿ, ಒಂದರೊಳಗೆ ಒಂದು ಕೂರಿಸುವುದು ಅಷ್ಟೇ. ಗೋಂದು ಬೇಡ, ಮೊಳೆ ಬೇಡ.

ಗಡಿಯಾರ ಮಾತ್ರ ಮೊದಲಿಗೆ ಖಂಡಿತ ಬೇಡ. ಇದಕ್ಕೆ ಕಾರಣ ಹೇಳಿದರೆ ಈ ಹವ್ಯಾಸದ ಮುಕ್ಕಾಲು ಪಾಲು ಹೇಳಿದ ಹಾಗೆ.

ಈ ಕಿಟ್‌ಗಳಲ್ಲಿ ನಾವು ಮಾಡುವ ನಿಜವಾದ ಕೆಲಸ ಘರ್ಷಣೆಯನ್ನು ಕಡಿಮೆ ಮಾಡುವುದು. ತುಂಡುಗಳು ಆಕಾರಕ್ಕೆ ಸರಿಯಾಗಿ ಕೂತೇ ಕೂರುತ್ತವೆ, ಅದು ಕಾರ್ಖಾನೆಯವರ ಜವಾಬ್ದಾರಿ. ಕೂತ ಮೇಲೆ ಸರಾಗವಾಗಿ ತಿರುಗುತ್ತವೆಯೇ ಅನ್ನುವುದು ನಮ್ಮ ಕೈಯಲ್ಲಿದೆ. ಒಂದು ಲೆಕ್ಕ ನೋಡಿ. ಒಂದು ಗೇರ್ ಇನ್ನೊಂದನ್ನು ತಿರುಗಿಸುವ ಪ್ರತಿ ಕಡೆಯಲ್ಲೂ ನೂರರಲ್ಲಿ 10 ಪಾಲು ಶಕ್ತಿ ಉಜ್ಜಾಟದಲ್ಲೇ ಹೋಗುತ್ತದೆ ಅಂದುಕೊಳ್ಳಿ. ಐದು ಜೋಡಿ ದಾಟುವಷ್ಟರಲ್ಲಿ 59 ಪಾಲು ಉಳಿಯುತ್ತದೆ. ಅದೇ 20 ಪಾಲು ಹೋದರೆ? ಕೊನೆಗೆ ಸಿಗುವುದು 33 ಪಾಲು ಮಾತ್ರ. ಒಂದೊಂದು ಕಡೆ ಸ್ವಲ್ಪವೇ ಬಿಗಿ ಜಾಸ್ತಿಯಾದರೂ ಕೊನೆಯ ಚಕ್ರಕ್ಕೆ ಬರುವ ಬಲ ಅರ್ಧಕ್ಕರ್ಧ ಬಿದ್ದುಹೋಗುತ್ತದೆ. ರಬ್ಬರ್ ಬ್ಯಾಂಡ್‌ನಲ್ಲಿ ಓಡುವ ಟ್ರ್ಯಾಕ್ಟರ್ ಆದರೆ ನಿಧಾನವಾಗಿಯಾದರೂ ಹೋದೀತು. ಗಡಿಯಾರ ಹಾಗಲ್ಲ. ಪ್ರತಿ ಸಲ ಪೆಂಡುಲಮ್ ಆಡಿದಾಗ ಒಂದು ಹಲ್ಲು ಬಿಡುಗಡೆಯಾಗಿ, ಹೋಗುತ್ತಾ ಪೆಂಡುಲಮ್‌ಗೆ ಒಂದು ಸಣ್ಣ ತಳ್ಳು ಕೊಡಬೇಕು. ಆ ತಳ್ಳಿಗೆ ಬಲ ಸಾಲದಿದ್ದರೆ ಗಡಿಯಾರ ಕೆಲವು ಸಲ ಟಿಕ್ ಅಂದು ನಿಂತುಬಿಡುತ್ತದೆ. ಎಲ್ಲಿ ಬಿಗಿಯಾಗಿದೆ ಅಂತ ಕಂಡುಹಿಡಿಯಲು ಹೊಸಬರಿಗೆ ದಾರಿಯೇ ಇರುವುದಿಲ್ಲ. ಅಷ್ಟೂ ಮುಚ್ಚಿಹೋಗಿರುತ್ತದೆ.

ಮರದ ಚಕ್ರಗಳ ಈ ತೊಂದರೆ ಇವತ್ತಿನದಲ್ಲ. ಜಾನ್ ಹ್ಯಾರಿಸನ್ ಹೆಸರು ನೀವು ಕೇಳಿರಬಹುದು. ಸಮುದ್ರದಲ್ಲಿ ರೇಖಾಂಶ ತಿಳಿಯಲು ನೆರವಾದ ಗಡಿಯಾರ ಮಾಡಿದ ಇಂಗ್ಲೆಂಡಿನವರು. ಬಡಗಿಯ ಮಗ, ತಾವೂ ಬಡಗಿಯೇ. 1713ರಲ್ಲಿ, ಇಪ್ಪತ್ತರ ವಯಸ್ಸಿನಲ್ಲಿ, ಅವರು ಮಾಡಿದ ಗಡಿಯಾರದ ಚಕ್ರಗಳು ಮರದವು. ಹಲ್ಲು ಮುರಿಯದಿರಲಿ ಅಂತ ಮರದ ನಾರಿನ ಎಳೆ ಹಲ್ಲಿನ ಉದ್ದಕ್ಕೇ ಬರುವಂತೆ ಓಕ್ ಮರದ ತುಂಡುಗಳನ್ನು ಸುತ್ತಲೂ ಜೋಡಿಸುತ್ತಿದ್ದರು. ಎಣ್ಣೆಯ ವಿಷಯ ಇನ್ನೂ ಚೆನ್ನಾಗಿದೆ. ಆ ಕಾಲದ ಎಣ್ಣೆ ಬೇಗ ಜಿಡ್ಡುಗಟ್ಟಿ ಗಡಿಯಾರವನ್ನೇ ನಿಲ್ಲಿಸುತ್ತಿತ್ತು. ಅದಕ್ಕೆ ಬ್ರಾಕಲ್ಸ್‌ಬಿ ಪಾರ್ಕ್ ಎಂಬಲ್ಲಿ 1720ರ ದಶಕದಲ್ಲಿ ಮಾಡಿದ ಗಡಿಯಾರಕ್ಕೆ ಅವರು ಲಿಗ್ನಮ್ ವೈಟೆ ಅನ್ನುವ ಮರದ ಬೇರಿಂಗ್ ಹಾಕಿದರು. ಆ ಮರದಲ್ಲೇ ಎಣ್ಣೆಯಂಶ ಇದೆ, ಹೊರಗಿನಿಂದ ಹಾಕಬೇಕಿಲ್ಲ. ಮುಂದೆ ಅಮೆರಿಕದಲ್ಲಿ ಇಲೈ ಟೆರ್ರಿ ಎಂಬವರು 1807ರಿಂದ 1810ರ ಒಳಗೆ ಮರದ ಯಂತ್ರವಿರುವ 4000 ಗಡಿಯಾರ ಮಾಡಿಕೊಟ್ಟರು. ಅಂದರೆ ಮರದ ಗೇರ್ ಒಂದು ಕಾಲಕ್ಕೆ ಆಟದ ಸಾಮಾನಾಗಿರಲಿಲ್ಲ, ಮನೆಮನೆಗೆ ಹೊತ್ತು ತೋರಿಸುವ ಗಟ್ಟಿ ತಂತ್ರಜ್ಞಾನವಾಗಿತ್ತು. ಕಿಟ್ ಜೋಡಿಸುವಾಗ ನನಗೆ ಇದು ನೆನಪಾಗುತ್ತಲೇ ಇರುತ್ತದೆ. ಅವರು ಎಳೆಗೆ ತಕ್ಕಂತೆ ತುಂಡು ಜೋಡಿಸಿ ಗೆದ್ದರು. ನಮಗೆ ಪ್ಲೈವುಡ್ ಸಿಕ್ಕಿದೆ. ಅದರಲ್ಲಿ ಒಂದು ಪದರದ ಎಳೆ ಉದ್ದಕ್ಕಿದ್ದರೆ ಮುಂದಿನದು ಅಡ್ಡಕ್ಕೆ. ಹಾಗಾಗಿ ಹಲ್ಲು ಯಾವ ದಿಕ್ಕಿಗೆ ಬಂದರೂ ತಕ್ಕಮಟ್ಟಿಗೆ ಗಟ್ಟಿ.

ಈಗ ಯಾವುದು ಕೊಳ್ಳಬೇಕು ಅಂತ. ಉಕ್ರೇನಿನ ಯೂಗಿಯರ್ಸ್ 2014ರಲ್ಲಿ ಶುರುವಾದ ಕಂಪನಿ, ಈ ಬಗೆಯ ಕಿಟ್ ಅಂದರೆ ತುಂಬಾ ಜನಕ್ಕೆ ಮೊದಲು ನೆನಪಾಗುವ ಹೆಸರು. ಅವರ ಟ್ರ್ಯಾಕ್ಟರ್‌ನಲ್ಲಿ 97 ತುಂಡು, ಟೆಂಡರ್ (ಕಲ್ಲಿದ್ದಲು, ನೀರು ಒಯ್ಯುವ ಹಿಂದಿನ ಬಂಡಿ) ಸಮೇತ ಇರುವ ಉಗಿಬಂಡಿಯಲ್ಲಿ 443. ನನ್ನ ಮಾತು ಕೇಳುವುದಾದರೆ ಟ್ರ್ಯಾಕ್ಟರ್‌ನಂಥದ್ದರಿಂದ ಶುರು ಮಾಡಿ. ರಬ್ಬರ್ ಬ್ಯಾಂಡ್ ಬಲ ಗೇರ್ ದಾಟಿ ಚಕ್ರಕ್ಕೆ ಹೋಗುವ ಪೂರ್ತಿ ದಾರಿ ಅದರಲ್ಲಿ ಇದೆ, ಆದರೆ ಮುಗಿಯುವವರೆಗೂ ಕಣ್ಣಿಗೆ ಕಾಣುತ್ತಲೇ ಇರುತ್ತದೆ. ಚೀನಾದ ರೋಬೋಟೈಮ್‌ನ ರೋಕರ್ ಕಿಟ್‌ಗಳೂ ಚೆನ್ನಾಗಿವೆ, ಗೋಲಿ ಉರುಳುವ ಮಾದರಿಗಳು ಮಕ್ಕಳಿಗೆ ಬಹಳ ಹಿಡಿಸುತ್ತವೆ. ನಮ್ಮ ದೇಶದ ಸ್ಮಾರ್ಟಿವಿಟಿ ಐಐಟಿ ದೆಹಲಿಯಲ್ಲಿ ಓದಿದವರು ಶುರು ಮಾಡಿದ್ದು. ಅವರ ಕಿಟ್ ಸರಳ, ಬೆಲೆಯೂ ಕಡಿಮೆ. ಇಷ್ಟು ದುಡ್ಡು ಹಾಕಬೇಕಾ ಅನ್ನುವ ಅನುಮಾನ ಇದ್ದರೆ ಅಲ್ಲಿಂದಲೇ ಶುರು ಮಾಡಬಹುದು. ಹೆಸರಿಲ್ಲದ ಅಗ್ಗದ ನಕಲುಗಳನ್ನು ಮಾತ್ರ ದೂರ ಇಡಿ. ಲೇಸರ್ ಪೂರ್ತಿ ಕತ್ತರಿಸದ ಶೀಟ್ ಬಂದರೆ ಬಿಡಿಸುವಾಗಲೇ ಹಲ್ಲು ಕಿತ್ತುಬರುತ್ತದೆ.

ಯೂಗಿಯರ್ಸ್‌ನವರದ್ದೇ ಗೇರ್‌ಬಾಕ್ಸ್, ಡಿಫರೆನ್ಷಿಯಲ್ (ತಿರುವಿನಲ್ಲಿ ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್ ಜೋಡಣೆ), ಪೆಂಡುಲಮ್ ಅಂತ ಒಂದೊಂದೇ ಯಂತ್ರದ ಸಣ್ಣ ಕಿಟ್‌ಗಳಿವೆ. ನನಗೆ ಉಗಿಬಂಡಿ, ಕಾರುಗಳಿಗಿಂತ ಇವೇ ಇಷ್ಟ. ಹಾಸನದಲ್ಲಿ ಟೂ ವೀಲರ್ ಗ್ಯಾರೇಜ್ ಇಟ್ಟಿರುವ ನನ್ನ ಭಾವ ಒಂದು ಹಬ್ಬಕ್ಕೆ ಬಂದಿದ್ದಾಗ ಈ ಗೇರ್‌ಬಾಕ್ಸ್ ಕೈಗೆ ತಗೊಂಡರು. "ಇದನ್ನ ನಮ್ಮ ಹುಡುಗರಿಗೆ ತೋರಿಸ್ಬೇಕು ಕಣೋ, ಗಾಡಿ ಬಿಚ್ಚಿದ್ರೂ ಇಷ್ಟು ಚೆನ್ನಾಗಿ ಕಾಣಲ್ಲ" ಅಂದರು. ತಗೊಂಡೂ ಹೋದರು. ಅದು ಈಗ ಗ್ಯಾರೇಜಿನಲ್ಲೇ ಇದೆ, ನನಗೆ ಅದರಷ್ಟು ಸಂತೋಷ ಬೇರೆ ಇಲ್ಲ.

ಇನ್ನು ಕೂತು ಮಾಡುವ ಕೆಲಸ. ಎಲ್ಲ ತುಂಡನ್ನೂ ಮೊದಲೇ ಬಿಡಿಸಿ ಗುಡ್ಡೆ ಹಾಕಬೇಡಿ. ಕಿಟ್ ಜೊತೆ ಬರುವ ಸೂಚನಾ ಪುಸ್ತಕದಲ್ಲಿ ನೀವಿರುವ ಪುಟಕ್ಕೆ ಬೇಕಾದವನ್ನು ಮಾತ್ರ ತೆಗೆಯಿರಿ. ನೋಡಲು ಒಂದೇ ಥರ ಇರುವ ಗೇರ್‌ಗಳಲ್ಲಿ ಒಂದು ಹಲ್ಲಿನ ವ್ಯತ್ಯಾಸ ಇರುತ್ತದೆ, ಶೀಟಿನಲ್ಲಿದ್ದರೆ ಪಕ್ಕದ ನಂಬರ್ ನೋಡಿ ಗುರುತು ಹಿಡಿಯಬಹುದು. ಗೇರ್ ಬಿಡಿಸುವಾಗ ಹಲ್ಲಿನ ಮೇಲೆ ಒತ್ತಬೇಡಿ, ನಡುವೆ ಹಿಡಿದು ಒತ್ತಿ. ಬಿಡದಿದ್ದರೆ ಅಂಟಿರುವ ಎಳೆಯನ್ನು ಕಟರ್‌ನಲ್ಲಿ ಗೀರಿ. ಎಳೆ ಇದ್ದ ಜಾಗದಲ್ಲಿ ಒಂದು ಮುಳ್ಳಿನಂಥ ಚೂರು ಉಳಿಯುತ್ತದೆ. ಅದನ್ನು ಸ್ಯಾಂಡ್ ಪೇಪರ್‌ನಲ್ಲಿ ತೆಗೆಯಿರಿ. ಹಲ್ಲಿನ ಮೇಲೆ ಉಳಿದರೆ ಚಕ್ರ ಪ್ರತಿ ಸುತ್ತಿನಲ್ಲೂ ಅದೇ ಜಾಗಕ್ಕೆ ಬಂದು ತಡೆಯುತ್ತದೆ. ಹೀಗೆ ಒಂದೇ ಜಾಗದಲ್ಲಿ ತಡೆದರೆ ಕಾರಣ ಹಲ್ಲು. ಸುತ್ತು ಪೂರ್ತಿ ಬಿಗಿಯಾಗಿದ್ದರೆ ಅಚ್ಚಿನ (ಚಕ್ರದ ನಡುವೆ ಹಾಯುವ ಕಡ್ಡಿಯ) ತೂತು ನೋಡಿ. ಈ ಒಂದು ಗುರುತು ಇಟ್ಟುಕೊಂಡರೆ ಅರ್ಧ ರಿಪೇರಿ ಸುಲಭ.

ಮೇಣ ಬಹಳ ಮುಖ್ಯ. ಪುಸ್ತಕದಲ್ಲಿ ಮೇಣದ ಗುರುತು ಇರುವ ಕಡೆಯೆಲ್ಲ ಮಾಮೂಲಿ ಬಿಳಿ ಮೇಣದಬತ್ತಿಯನ್ನೇ ಉಜ್ಜಿ. ಹಲ್ಲಿನ ಎರಡೂ ಪಕ್ಕ, ಅಚ್ಚು ತಿರುಗುವ ಜಾಗ, ಜಾರುವ ಪಟ್ಟಿ. ಉಜ್ಜಿ ಸ್ವಲ್ಪ ಹೊತ್ತು ಕೈಯಲ್ಲೇ ತಿರುಗಿಸಿ. ಲೇಸರ್ ಸುಟ್ಟ ಕಪ್ಪು ಪುಡಿ ಮೇಣದ ಜೊತೆ ಹೊರಬರುತ್ತದೆ, ಅದನ್ನು ಒರೆಸಿ ಮತ್ತೆ ಉಜ್ಜಿ. ಆದರೆ ಚಕ್ರ ಅಚ್ಚಿಗೆ ಕಚ್ಚಿಕೊಂಡು ಕೂರಬೇಕಾದ ಕಡೆ ಮೇಣ ತಾಗಿಸಬೇಡಿ, ಆಮೇಲೆ ಅದು ಜಾರುತ್ತದೆ. ಕೊಬ್ಬರಿ ಎಣ್ಣೆ, ಹೊಲಿಗೆ ಮೆಷಿನ್ ಎಣ್ಣೆ ಯಾವುದೂ ಬೇಡ. ಮರ ಎಣ್ಣೆ ಕುಡಿಯುತ್ತದೆ, ಧೂಳು ಹಿಡಿದು ಅಂಟಂಟಾಗುತ್ತದೆ.

ಪ್ರತಿ ಹಂತದಲ್ಲೂ ತಿರುಗಿಸಿ ನೋಡಿ. ಎರಡು ಗೇರ್ ಕೂರಿಸಿದಿರಾ? ಬೆರಳಿನಿಂದ ತಟ್ಟಿ ಬಿಡಿ, ತಾನೇ ಒಂದೆರಡು ಸುತ್ತು ಹೋಗಬೇಕು. ಹೋಗದಿದ್ದರೆ ಮೂರನೆಯದನ್ನು ಮುಟ್ಟಲೇ ಬೇಡಿ. ತಂಬೂರಿಯ ಶ್ರುತಿ ಕೂಡುವವರೆಗೆ ಹಾಡುವವರು ಕಾಯುವುದಿಲ್ಲವೇ, ಅಷ್ಟು ತಾಳ್ಮೆ ಇಲ್ಲಿ ಬೇಕು. ಮುಂದೆ ಪಕ್ಕದ ಹಲಗೆ ಮುಚ್ಚಿದ ಮೇಲೆ ಬಿಚ್ಚಲು ಹೋದರೆ ಸಿಕ್ಕಿಸುವ ಕೊಂಡಿಗಳು ಮುರಿಯುತ್ತವೆ. ಅಂದಹಾಗೆ, ಕೆಲವು ಕಿಟ್‌ಗಳಲ್ಲಿ ಟೂತ್‌ಪಿಕ್‌ಗಳೇ ಅಚ್ಚು. ಅವನ್ನು ಕೊಟ್ಟ ಅಳತೆಗೇ ಕತ್ತರಿಸಿ. ಕೂದಲಷ್ಟು ಉದ್ದ ಜಾಸ್ತಿಯಾದರೂ ಪಕ್ಕದ ಹಲಗೆಗೆ ಉಜ್ಜುತ್ತದೆ.

ಶಿರಸಿಯ ಮಳೆ ನಿಜವಾದ ತೊಂದರೆಯೇ. ಪ್ಲೈವುಡ್‌ನಲ್ಲಿ ಎಳೆಗಳು ಅಡ್ಡಡ್ಡ ಇರುವುದರಿಂದ ಅಗಲಕ್ಕೆ ಅಷ್ಟಾಗಿ ಉಬ್ಬುವುದಿಲ್ಲ, ಆದರೆ ದಪ್ಪಕ್ಕೆ ಉಬ್ಬುತ್ತದೆ. ಕೊಂಡಿ ತೂರಿಸುವ ಸೀಳುಗಳೆಲ್ಲ ದಪ್ಪದ ಲೆಕ್ಕದಲ್ಲೇ ಇರುವುದರಿಂದ ಜುಲೈನಲ್ಲಿ ಎಲ್ಲವೂ ಟೈಟ್. ಹಾಗಾಗಿ ನಿಮ್ಮ ಕಡೆ ದೀಪಾವಳಿ ಕಳೆದ ಮೇಲೆ, ಬೇಸಿಗೆವರೆಗೆ ಜೋಡಿಸುವುದು ಒಳ್ಳೆಯದು. ಕೊಂಡ ಕಿಟ್ ಅಲ್ಲಿಯವರೆಗೆ ಪ್ಲಾಸ್ಟಿಕ್ ಕವರ್ ಬಿಚ್ಚದೆ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಶೀಟ್ ಬಾಗಿದ್ದರೆ ಸಮತಟ್ಟಾದ ಜಾಗದಲ್ಲಿ ದಪ್ಪ ಪುಸ್ತಕ ಹೇರಿ ಕೆಲವು ದಿನ ಬಿಡಿ. ಬಿಸಿಲಿಗೆ ಇಡಬೇಡಿ, ಒಂದೇ ಪಕ್ಕ ಒಣಗಿ ಇನ್ನೂ ಬಾಗುತ್ತದೆ. ಜೋಡಿಸಿದ ಮಾದರಿಗಳನ್ನು ಗಾಜಿನ ಬಾಗಿಲಿನ ಕಪಾಟಿನಲ್ಲಿಡಿ. ಬೂಷ್ಟು ಬಂದರೆ ಒಣ ಬ್ರಷ್‌ನಲ್ಲಿ ತೆಗೆಯಿರಿ, ಒದ್ದೆ ಬಟ್ಟೆ ಬೇಡ. ಆಡಿದ ಮೇಲೆ ರಬ್ಬರ್ ಬ್ಯಾಂಡ್ ಸಡಿಲ ಮಾಡಿಡಿ. ಬಿಗಿಯಾಗಿಯೇ ಬಿಟ್ಟರೆ ಬ್ಯಾಂಡ್ ಸೋಲುತ್ತದೆ, ಮರದ ಕೊಕ್ಕೆಯೂ ಬಾಗುತ್ತದೆ.

ಮಗಳ ವಿಷಯ. ಹಲವು ಕಿಟ್‌ಗಳ ಡಬ್ಬಿಯ ಮೇಲೆ 14 ವರ್ಷ ಮೇಲ್ಪಟ್ಟವರಿಗೆ ಅಂತ ಬರೆದಿರುತ್ತಾರೆ, ದೊಡ್ಡವರು ಜೊತೆಗಿದ್ದರೆ ಏಳನೇ ತರಗತಿಯವರಿಗೆ ಕಷ್ಟವೇನಿಲ್ಲ. ಕಟರ್ ನಿಮ್ಮ ಕೈಯಲ್ಲಿರಲಿ. ಅವಳಿಗೆ ಸುಮ್ನೆ ತುಂಡು ಹುಡುಕಿಕೊಡುವ ಕೆಲಸ ಕೊಡಬೇಡಿ. ಪುಸ್ತಕ ಓದಿ ಮುಂದೇನು ಅಂತ ಹೇಳುವುದು, ತಿರುಗಿಸಿ ನೋಡಿ ಸರಿ ಇದೆ ಅಥವಾ ಇಲ್ಲ ಅನ್ನುವುದು ಅವಳ ಕೆಲಸವಾಗಲಿ. ಅವಳು ಒಪ್ಪದೆ ನೀವು ಮುಂದೆ ಹೋಗಬಾರದು. ಮಕ್ಕಳ ಬೆರಳಿಗೆ ಆ ಸಣ್ಣ ತಡೆ ನಮಗಿಂತ ಬೇಗ ಗೊತ್ತಾಗುತ್ತದೆ. ಹಲ್ಲು ಎಣಿಸಲು ಹೇಳಿ. 10 ಹಲ್ಲಿನದು ನಾಲ್ಕು ಸುತ್ತು ಹೋದಾಗ 40 ಹಲ್ಲಿನದು ಎಷ್ಟು ಸುತ್ತು ಅಂತ ಕೇಳಿ. ಉತ್ತರ ಹೇಳಿದ ಮೇಲೆ ತಿರುಗಿಸಿ ನೋಡಲಿ.

ಎರಡು ಮೂರು ಕಿಟ್ ಆದ ಮೇಲೆ ಗಡಿಯಾರಕ್ಕೆ ಬನ್ನಿ. ಆಗ ಪೆಂಡುಲಮ್ ಉದ್ದ ಬದಲಿಸಿ ನೋಡಿ. ನೇತಾಡುವ ಬಿಂದುವಿನಿಂದ ಗುಂಡಿನ ನಡುವಿನವರೆಗೆ ಸುಮಾರು 25 ಸೆಂಟಿಮೀಟರ್ ಇದ್ದರೆ ಹೋಗಿ ಬರಲು ಒಂದು ಸೆಕೆಂಡ್. ಎರಡು ಸೆಕೆಂಡ್ ಬೇಕಾದರೆ ಒಂದು ಮೀಟರ್ ಹತ್ತಿರ ಬೇಕು. ಗುಂಡು ಕೆಳಗಿಳಿಸಿದರೆ ಗಡಿಯಾರ ಹಿಂದೆ ಬೀಳುತ್ತದೆ, ಮೇಲೇರಿಸಿದರೆ ಮುಂದೆ ಓಡುತ್ತದೆ. ಕಿಟ್ ಕೊಳ್ಳುವ ಮುಂಚೆಯೇ ಇದನ್ನು ಒಂದು ದಾರ, ಒಂದು ನಟ್ಟು ಇಟ್ಟುಕೊಂಡು ಮಗಳ ಜೊತೆ ಇವತ್ತೇ ಮಾಡಬಹುದು. ಹತ್ತು ಸಲ ಹೋಗಿ ಬರುವ ಹೊತ್ತನ್ನು ಮೊಬೈಲ್‌ನಲ್ಲಿ ಅಳೆದು ಹತ್ತರಿಂದ ಭಾಗಿಸಿ. ಗುಂಡನ್ನು ಜಾಸ್ತಿ ದೂರ ಎಳೆದು ಬಿಡಬೇಡಿ, ಲೆಕ್ಕ ಸ್ವಲ್ಪ ತಪ್ಪುತ್ತದೆ.