ಪುಸ್ತಕ ಹಿಡಿದು ಕೂರುತ್ತಾನೆ, ಓದು ಸಾಗುತ್ತಿಲ್ಲ

ಪ್ರಶ್ನೆ: ಮಗ ಏಳನೇ ತರಗತಿಯವರೆಗೆ ಊರಿನ ಕನ್ನಡ ಮಾಧ್ಯಮ ಶಾಲೆಯಲ್ಲಿ ಚೆನ್ನಾಗಿಯೇ ಓದುತ್ತಿದ್ದ. ಈ ವರ್ಷ ಎಂಟನೆಯದಕ್ಕೆ ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಿದೆವು. ಮೊದಲ ಕಿರುಪರೀಕ್ಷೆಯಲ್ಲಿ ಗಣಿತಕ್ಕೆ 20ಕ್ಕೆ 5 ಬಂದಿದೆ. ದಿನಾ ಎರಡು ಗಂಟೆ ಪುಸ್ತಕ ಬಿಚ್ಚಿಕೊಂಡು ಕೂರುತ್ತಾನೆ, ಎದ್ದಾಗ ಒಂದು ಲೆಕ್ಕವೂ ಮುಗಿದಿರುವುದಿಲ್ಲ. ಬೈದದ್ದಾಯಿತು, ನೂರಕ್ಕೆ 90 ತೆಗೆದರೆ ಮೊಬೈಲ್ ಕೊಡಿಸುತ್ತೇವೆ ಎಂದದ್ದೂ ಆಯಿತು. ಈಗ ಕ್ರಿಕೆಟ್ ಆಟ ನಿಲ್ಲಿಸೋಣವೇ ಎಂದುಕೊಂಡಿದ್ದೇವೆ. ಆಸಕ್ತಿ ಹುಟ್ಟಿಸುವುದು ಹೇಗೆ?
– ಓದುಗರೊಬ್ಬರು, ಹಾಸನ ಜಿಲ್ಲೆ

ಉತ್ತರ: ಚೆನ್ನಾಗಿ ಓದುತ್ತಿದ್ದ ಹುಡುಗ ಒಂದೇ ಬೇಸಿಗೆ ರಜೆಯಲ್ಲಿ ಸೋಮಾರಿಯಾಗುವುದಿಲ್ಲ. ದಿನಾ ಎರಡು ಗಂಟೆ ಕೂರುತ್ತಿದ್ದಾನೆ ಎಂದರೆ ಮನಸ್ಸಿದೆ, ಎಲ್ಲಿಂದ ಶುರು ಮಾಡಬೇಕೆಂದು ತಿಳಿಯುತ್ತಿಲ್ಲ. ಆಸಕ್ತಿ ಬಂದ ಮೇಲೆ ಲೆಕ್ಕ ಬರುತ್ತದೆ ಎಂದು ಕಾಯಬೇಡಿ. ಸಾಮಾನ್ಯವಾಗಿ ನಾಲ್ಕು ಲೆಕ್ಕ ಕೈಗೆ ಹತ್ತಿದ ಮೇಲೇ ಆಸಕ್ತಿ ಬರುವುದು.

ಮೊದಲು ಎಡವುತ್ತಿರುವ ಜಾಗ ಹುಡುಕಿ. ಒಂದು ಭಾನುವಾರ ಐದು, ಆರು, ಏಳನೇ ತರಗತಿಯ ಗಣಿತ ಪುಸ್ತಕಗಳಿಂದ ಎಂಟೆಂಟು ಲೆಕ್ಕ ಆರಿಸಿ, ಕನ್ನಡದಲ್ಲೇ ಕೊಡಿ. ಪುಸ್ತಕಗಳು ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಅಂಕ ಹಾಕಬೇಡಿ, ತಪ್ಪಿದ ಕಡೆ ‘ಇದನ್ನು ಹೇಗೆ ಮಾಡಿದೆ, ಹೇಳಪ್ಪ’ ಎಂದು ಕೇಳಿ. ಈ ವಯಸ್ಸಿನವರು ಹೆಚ್ಚಾಗಿ ಎರಡು ಕಡೆ ಜಾರುತ್ತಾರೆ. ಒಂದು ಭಿನ್ನರಾಶಿ: 1/2 + 1/3 ಎಂದರೆ ಮೇಲಿನದನ್ನೂ ಕೆಳಗಿನದನ್ನೂ ಕೂಡಿ 2/5 ಎಂದು ಬರೆಯುತ್ತಾರೆ. ಆಗ ನಿಯಮ ಹೇಳಿಕೊಡಲು ಹೋಗಬೇಡಿ. ‘ಅರ್ಧ ಹೋಳಿಗೆಗೆ ಇನ್ನಷ್ಟು ಸೇರಿಸಿದರೆ ಅರ್ಧಕ್ಕಿಂತ ಕಡಿಮೆ ಆಗುತ್ತದೆಯೇ?’ ಎಂದು ಕೇಳಿ, ತಪ್ಪು ಅವನಿಗೇ ಕಾಣುತ್ತದೆ. ಇನ್ನೊಂದು ಋಣ ಸಂಖ್ಯೆ: −3 − 5ಕ್ಕೆ 8 ಎಂದು ಬರೆಯುತ್ತಾರೆ. ‘ಮೈನಸ್ ಮೈನಸ್ ಪ್ಲಸ್’ ಎಂಬ ಬಾಯಿಪಾಠವನ್ನು ಗುಣಾಕಾರದಿಂದ ತಂದು ಇಲ್ಲಿ ಹಚ್ಚುವುದೇ ಕಾರಣ. ಮೂರು ರೂಪಾಯಿ ಸಾಲದ ಮೇಲೆ ಇನ್ನೈದು ಸಾಲ ಮಾಡಿದರೆ ಎಷ್ಟು ಸಾಲ ಎಂದು ಕೇಳಿ. ಇವೆರಡು ಗಟ್ಟಿಯಾಗದೆ ಎಂಟನೇ ತರಗತಿಯ ಸಮೀಕರಣಗಳು ಯಾವ ಭಾಷೆಯಲ್ಲೂ ತಲೆಗೆ ಹತ್ತುವುದಿಲ್ಲ.

ಹಳೆಯ ಲೆಕ್ಕಗಳು ಸರಿಯಿದ್ದು ಹೊಸವು ಮಾತ್ರ ತಪ್ಪುತ್ತಿದ್ದರೆ ತೊಡಕು ಭಾಷೆಯದು. ಎಂಟನೇ ತರಗತಿಯ ಕನ್ನಡ ಮತ್ತು ಇಂಗ್ಲಿಷ್ ಪುಸ್ತಕಗಳನ್ನು ಅಕ್ಕಪಕ್ಕ ಇಟ್ಟುಕೊಳ್ಳಲಿ. ಛೇದ ಎಂದರೆ ಡಿನಾಮಿನೇಟರ್, ಘಾತಾಂಕ ಎಂದರೆ ಎಕ್ಸ್‌ಪೊನೆಂಟ್: ಹೀಗೆ ದಿನಕ್ಕೆ ಐದೇ ಪದ, ಒಂದು ಸಣ್ಣ ನೋಟ್‌ಬುಕ್‌ನಲ್ಲಿ, ಪ್ರತಿ ಪದಕ್ಕೂ ಒಂದು ಉದಾಹರಣೆಯ ಜೊತೆ. ಪಾಠವನ್ನು ಮೊದಲು ಕನ್ನಡದಲ್ಲಿ ಓದಿ ಆಮೇಲೆ ಇಂಗ್ಲಿಷಿಗೆ ಹೋದರೆ ತಪ್ಪೇನೂ ಇಲ್ಲ.

ಎರಡು ಗಂಟೆಯ ಕೂರಿಕೆ ಬಿಡಿಸಿ. 25 ನಿಮಿಷ ಓದು, 5 ನಿಮಿಷ ಬಿಡುವು, ಹೀಗೆ ಎರಡು ಸಲ ಸಾಕು. ಆ 25ರಲ್ಲಿ ಕೊನೆಯ 10 ನಿಮಿಷ ಪುಸ್ತಕ ಮುಚ್ಚಿ, ನೆನಪಿದ್ದಷ್ಟನ್ನು ಬರೆದು, ಆಮೇಲೆ ತೆರೆದು ತಾನೇ ತಿದ್ದಿಕೊಳ್ಳಲಿ. ಅದೇ ಭಾಗವನ್ನು ಮಾರನೆಯ ದಿನ, ಮೂರು ದಿನ ಬಿಟ್ಟು, ವಾರ ಬಿಟ್ಟು ಮತ್ತೆ ಹೀಗೇ ಬರೆಯಬೇಕು. ರೋಡಿಗರ್ ಮತ್ತು ಕಾರ್ಪಿಕಿ ಎಂಬ ಮನೋವಿಜ್ಞಾನಿಗಳು 2006ರಲ್ಲಿ ಇದನ್ನು ಪರೀಕ್ಷಿಸಿದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಮತ್ತೆ ಓದಿದವರದೇ ಮೇಲುಗೈ, ವಾರದ ನಂತರ ನೆನಪಿನಿಂದ ಬರೆದವರದು. ಓದಿದ್ದನ್ನೇ ಓದಿದಾಗ ಪುಟ ಪರಿಚಿತ ಎನಿಸುತ್ತದೆ, ಮಕ್ಕಳು ಅದನ್ನೇ ‘ಬಂತು’ ಎಂದುಕೊಳ್ಳುತ್ತಾರೆ.

ಇನ್ನು ಮೊಬೈಲ್ ವಿಷಯ. 20ಕ್ಕೆ 5 ತೆಗೆದವನಿಗೆ 90 ತನ್ನಿಂದಾಗದು ಎಂದು ಚೆನ್ನಾಗಿ ಗೊತ್ತು, ಆ ಆಸೆ ಅವನನ್ನು ಎಬ್ಬಿಸುವುದಿಲ್ಲ. ಗುರಿ ಅವನ ಕೈಯಲ್ಲಿರುವಂಥದ್ದಾಗಲಿ: ಈ ವಾರ ಭಿನ್ನರಾಶಿ ಕೂಡುವ ಹತ್ತು ಲೆಕ್ಕ, ಮುಂದಿನ ಕಿರುಪರೀಕ್ಷೆಯಲ್ಲಿ 8. ಕ್ರಿಕೆಟ್ ಆಟವನ್ನು ಮಾತ್ರ ದಯವಿಟ್ಟು ನಿಲ್ಲಿಸಬೇಡಿ. ಮೂರು ವಾರವಾದರೂ ಬದಲಾವಣೆ ಕಾಣದಿದ್ದರೆ ತರಗತಿಯ ಮೇಷ್ಟ್ರನ್ನು ಕಾಣಿ, ಆ ತಪ್ಪು ಲೆಕ್ಕಗಳ ಹಾಳೆ ಕೈಯಲ್ಲಿರಲಿ. ‘ನಮ್ಮ ಹುಡುಗ ಓದುವುದಿಲ್ಲ’ ಎಂಬ ದೂರಿಗಿಂತ ಆ ಹಾಳೆ ಅವರಿಗೆ ಹೆಚ್ಚು ಹೇಳುತ್ತದೆ. ಬೋರ್ಡ್ ಕಾಣಿಸುತ್ತಿದೆಯೇ ಎಂದು ಕಣ್ಣಿನ ಪರೀಕ್ಷೆಯನ್ನೂ ಮಾಡಿಸಿ.

ಪ್ರಶ್ನೆ: ಮೂರನೇ ತರಗತಿಯ ಮಗಳನ್ನು ಎಲ್ಲರೂ ‘ಜಾಣೆ’ ಎನ್ನುತ್ತಾರೆ. ಈಗ ಕಷ್ಟದ ಲೆಕ್ಕ ಕೊಟ್ಟರೆ ಮುಟ್ಟುವುದೇ ಇಲ್ಲ.
– ಓದುಗರೊಬ್ಬರು, ಶಿರಸಿ

ಉತ್ತರ: ತಪ್ಪಾದರೆ ಜಾಣೆಯ ಪಟ್ಟ ಹೋಗುತ್ತದೆಂಬ ಭಯ ಅದು. ಮುಲ್ಲರ್ ಮತ್ತು ಡ್ವೆಕ್ ಎಂಬ ಮನೋವಿಜ್ಞಾನಿಗಳು 1998ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಬುದ್ಧಿವಂತಿಕೆಗೆ ಹೊಗಳಿಸಿಕೊಂಡ ಮಕ್ಕಳು ಸೋತ ಮೇಲೆ ಬೇಗ ಕೈಬಿಟ್ಟರು. ಪ್ರಯತ್ನಕ್ಕೆ ಹೊಗಳಿಸಿಕೊಂಡವರು ಮುಂದುವರಿದರು. ‘ಚಿತ್ರ ಬರೆದುಕೊಂಡು ಮಾಡಿದೆಯಲ್ಲ, ಅದು ಚೆನ್ನಾಯಿತು’ ಎಂದು ಅವಳು ಮಾಡಿದ್ದನ್ನೇ ಹೆಸರಿಸಿ ಹೇಳಿ. ಸುಮ್ಮನೆ ‘ಕಷ್ಟಪಟ್ಟೆ’ ಎಂದರೆ ಸಾಲದು, ಮಕ್ಕಳಿಗೆ ಅದು ಬಾಯುಪಚಾರ ಎಂದು ತಿಳಿಯುತ್ತದೆ. ದಿನಾ ಕೊಡುವ ಐದು ಲೆಕ್ಕದಲ್ಲಿ ನಾಲ್ಕು ಬರುವಂಥವು, ಒಂದು ಒದ್ದಾಡುವಂಥದ್ದು ಇರಲಿ.

ಪ್ರಶ್ನೆ: ಎಸ್‌ಎಸ್‌ಎಲ್‌ಸಿಯ ಮಗಳು ರಾತ್ರಿ 11ಕ್ಕೆ ಮಲಗುತ್ತಾಳೆ. ಬೆಳಗಿನ ಜಾವ 4ಕ್ಕೆ ಎಬ್ಬಿಸಿದರೆ ತೂಕಡಿಸುತ್ತಾಳೆ. ಏನು ಮಾಡೋಣ?
– ಓದುಗರೊಬ್ಬರು, ಗದಗ

ಉತ್ತರ: ಐದು ಗಂಟೆ ನಿದ್ದೆ ಸಾಲದು. 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ ಬೇಕು, ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವುದೂ ನಿದ್ದೆಯಲ್ಲೇ. ಬೆಳಗಿನ ಓದೇ ಬೇಕೆಂದರೆ 9.30ಕ್ಕೆ ಮಲಗಿ 5.30ಕ್ಕೆ ಏಳಲಿ. ಮಲಗುವ ಸಮಯವನ್ನು ಮೂರು ದಿನಕ್ಕೊಮ್ಮೆ 15 ನಿಮಿಷ ಹಿಂದಕ್ಕೆ ತನ್ನಿ. ಫೋನು ರಾತ್ರಿ ಅಡುಗೆಮನೆಯಲ್ಲಿರಲಿ, ಎಬ್ಬಿಸಲು ಅಲಾರಾಂ ಗಡಿಯಾರ ಇಡಿ.