ಗುಳ್ಳೆ ಊದಿದರೆ ಮಾತು ಬರುತ್ತಾ?

ಪ್ರಶ್ನೆ: ಮಗನಿಗೆ ಮೂರೂವರೆ ವರ್ಷ. ಆಟಿಸಂ ಇದೆ ಅಂತ ಗೊತ್ತಾದ ಮೇಲೆ ಸ್ಪೀಚ್ ಥೆರಪಿಗೆ ಸೇರಿಸಿದೆವು. ಥೆರಪಿಸ್ಟ್ ನೆಲದ ಮೇಲೆ ಕೂತು ಸೋಪಿನ ಗುಳ್ಳೆ ಊದುತ್ತಾರೆ, ಆಟ ಆಡಿಸುತ್ತಾರೆ, ಒಂದು ಪದವನ್ನೂ ಹೇಳಿಸುವುದಿಲ್ಲ. ಈಗ ಚಿತ್ರದ ಕಾರ್ಡು ಶುರು ಮಾಡೋಣ ಅಂತಿದ್ದಾರೆ. ಕಾರ್ಡು ಕೊಟ್ಟರೆ ಇನ್ನು ಮಾತಾಡೋದೇ ಇಲ್ಲ ಅಂತ ಮನೆಯವರಿಗೆ ಭಯ. ಜೊತೆಗೆ ಆಕ್ಯುಪೇಷನಲ್ ಥೆರಪಿ (ದಿನನಿತ್ಯದ ಕೆಲಸಗಳಿಗೆ, ಸದ್ದು-ಸ್ಪರ್ಶಕ್ಕೆ ಹೊಂದಿಕೊಳ್ಳಲು ನೆರವಾಗುವ ಥೆರಪಿ), ಸೈಕಾಲಜಿಸ್ಟ್, ಕಿವಿ ಪರೀಕ್ಷೆ ಅಂತ ಓಡಾಟ. ಇಷ್ಟೊಂದು ಜನ ಬೇಕಾ?

ಉತ್ತರ: ಬೇಕು, ಆದರೆ ಅವರೆಲ್ಲ ಪರಸ್ಪರ ಮಾತಾಡುತ್ತಿರಬೇಕು.

ಮೊದಲು ಗುಳ್ಳೆ ವಿಷಯ. ಮುಂದಿನ ಸಲ ಥೆರಪಿಸ್ಟ್ ಕೈಯನ್ನೇ ಗಮನಿಸಿ. ಒಂದು ಸಲ ಊದುತ್ತಾರೆ, ಬಾಟಲಿಯ ಮುಚ್ಚಳ ಬಿಗಿ ಮಾಡಿ ಕೆಳಗಿಡುತ್ತಾರೆ, ಆಮೇಲೆ ಸುಮ್ನೆ ಕಾಯುತ್ತಾರೆ. ಮಗು ಬಾಟಲಿ ಎತ್ತಿಕೊಳ್ಳುತ್ತದೆ, ಮುಚ್ಚಳ ತಿರುಗಿಸಿ ನೋಡುತ್ತದೆ, ಆಗುವುದಿಲ್ಲ, ಕೊನೆಗೆ ಅವರ ಕೈಗೇ ತುರುಕುತ್ತದೆ. ತಕ್ಷಣ ‘ಊದು!’ ಅಂತ ಒಂದೇ ಪದ ಹೇಳಿ ಊದುತ್ತಾರೆ. ತನಗೆ ಬೇಕಾದ್ದನ್ನು ಮಗು ಇನ್ನೊಬ್ಬರಿಗೆ ತಿಳಿಸಿತು, ಅವರಿಗೆ ಅರ್ಥವೂ ಆಯಿತು. ಮಾತಿನ ಬುಡ ಇರುವುದೇ ಅಲ್ಲಿ. ಬೆರಳು ಮಾಡಿ ತೋರಿಸುವುದು, ಆಟಿಕೆಯನ್ನೂ ಮನುಷ್ಯರನ್ನೂ ತಿರುತಿರುಗಿ ನೋಡುವುದು, ಸರದಿಗೆ ಕಾಯುವುದು, ಇವೆಲ್ಲ ಸಾಮಾನ್ಯವಾಗಿ ಪದಗಳಿಗಿಂತ ಮೊದಲು ಬರುತ್ತವೆ. ಇದನ್ನೆಲ್ಲ ಬಿಟ್ಟು ‘ಸೇಬು ಅನ್ನು, ಸೇಬು ಅನ್ನು’ ಅಂತ ಹಿಡಿದು ಕೂರಿಸಿದರೆ ಮಗು ಅನ್ನಲೂಬಹುದು, ಆದರೆ ಹಸಿವಾದಾಗ ಅದೇ ಪದ ಬಳಸಿ ಕೇಳಲು ಗೊತ್ತಾಗದೇ ಹೋಗಬಹುದು. ಮುಖ ಹಿಡಿದು ಕಣ್ಣಲ್ಲಿ ಕಣ್ಣಿಟ್ಟು ನೋಡಿಸುವ ಬಲವಂತ ಮಾತ್ರ ಯಾರೂ ಮಾಡಬೇಡಿ.

ಕಾರ್ಡಿಗೆ ಹೆದರಬೇಡಿ. ಬೇಕಾದ ವಸ್ತುವಿನ ಚಿತ್ರ ಕೊಟ್ಟು ಅದನ್ನು ಪಡೆಯುವ, ಪೆಕ್ಸ್ (PECS) ಎಂಬ ಚಿತ್ರ ವಿನಿಮಯದ ಪದ್ಧತಿಯನ್ನು 1985ರಲ್ಲಿ ಅಮೆರಿಕದ ಆಂಡಿ ಬಾಂಡಿ ಮತ್ತು ಲೋರಿ ಫ್ರಾಸ್ಟ್ ರೂಪಿಸಿದರು. ಇದರ ಮೊದಲ ಹಂತಕ್ಕೆ ಇಬ್ಬರು ದೊಡ್ಡವರು ಬೇಕು. ಒಬ್ಬರು ಮಗುವಿಗೆ ಇಷ್ಟದ ವಸ್ತು ಹಿಡಿದು ಎದುರಿಗೆ ಕೂರುತ್ತಾರೆ, ಇನ್ನೊಬ್ಬರು ಮಗುವಿನ ಹಿಂದೆ ಕೂತು, ಬಾಯಿ ಬಿಡದೆ, ಕಾರ್ಡು ಎತ್ತಿ ಕೊಡಲು ಕೈಗೆ ಆಸರೆ ಕೊಡುತ್ತಾರೆ. ಇನ್ನು ಮಾತು ನಿಂತುಹೋಗುವ ಭಯ. 2006ರಲ್ಲಿ ಪ್ರಕಟವಾದ ಒಂದು ಪರಿಶೀಲನೆಯಲ್ಲಿ ಚಿತ್ರ, ಸನ್ನೆ, ಯಂತ್ರಗಳಂಥ ಬದಲಿ ದಾರಿ ಬಳಸಿದವರ ಅಧ್ಯಯನಗಳನ್ನು ಜರಡಿ ಹಿಡಿದು ನೋಡಿದರು. ಗಟ್ಟಿ ಪುರಾವೆ ಸಿಕ್ಕ 27 ಜನರಲ್ಲಿ ಒಬ್ಬರ ಮಾತೂ ಕಡಿಮೆ ಆಗಿರಲಿಲ್ಲ, ಹೆಚ್ಚಿನವರಲ್ಲಿ ಸ್ವಲ್ಪವಾದರೂ ಜಾಸ್ತಿ ಆಗಿತ್ತು. ಮಾತು ಬರುವ ತನಕ ಮಗು ಅಳುತ್ತಾ, ಕಿರುಚುತ್ತಾ ಕಾಯಬೇಕೆನ್ನುವುದು ನ್ಯಾಯವಲ್ಲ ಅಲ್ವಾ?

ಇನ್ನು ತಂಡ. ಕಿವಿ ಪರೀಕ್ಷೆ ತಪ್ಪಿಸಬೇಡಿ. ಕರೆದರೆ ತಿರುಗದ ಮಗುವಿಗೆ ಕೇಳಿಸುತ್ತಿದೆಯೋ ಇಲ್ಲವೋ ಅಂತ ಆಡಿಯಾಲಜಿಸ್ಟ್ ಖಚಿತ ಮಾಡಲೇಬೇಕು. ಆಕ್ಯುಪೇಷನಲ್ ಥೆರಪಿಸ್ಟ್ ಕೆಲಸ ಮಾತಿಗೆ ಸಂಬಂಧವೇ ಇಲ್ಲ ಅನಿಸಬಹುದು. ಆದರೆ ಫ್ಯಾನಿನ ಸದ್ದಿಗೇ ಕಿವಿ ಮುಚ್ಚಿಕೊಳ್ಳುವ ಮಗು ನಿಮ್ಮ ಮಾತನ್ನು ಹೇಗೆ ಕೇಳೀತು? ಕೂತಲ್ಲಿ ಗಮನವಿಡದ ಕೆಲವು ಮಕ್ಕಳು ಜೋಕಾಲಿ ಮೇಲೆ ಚೆನ್ನಾಗಿ ಗಮನ ಕೊಡುತ್ತಾರೆ. ಅಲ್ಲಿ ಜೋಕಾಲಿ ನಿಲ್ಲಿಸಿ, ಕಾದು, ‘ಇನ್ನೂ ಬೇಕು’ ಕಾರ್ಡು ಕೊಟ್ಟಾಗ ಮತ್ತೆ ತೂಗಿದರೆ ಅದು ಮಾತಿನ ಪಾಠವೂ ಆಯಿತು. ಸೈಕಾಲಜಿಸ್ಟ್, ಶಾಲೆಯ ಟೀಚರ್, ಮನೆಯಲ್ಲಿ ನೀವು, ಎಲ್ಲರೂ ಅದೇ ಕಾರ್ಡು, ಅದೇ ಪದ ಬಳಸಬೇಕು. ಒಬ್ಬೊಬ್ಬರದು ಒಂದೊಂದು ಚಿತ್ರವಾದರೆ ಮಗು ಪ್ರತಿ ಕೋಣೆಯಲ್ಲೂ ಹೊಸದಾಗಿ ಕಲಿಯಬೇಕಾಗುತ್ತದೆ. ‘ಈ ತಿಂಗಳು ಎಲ್ಲರೂ ಸೇರಿ ಯಾವ ಒಂದೆರಡು ಗುರಿ ಇಟ್ಟುಕೊಂಡಿದ್ದೀರಿ?’ ಅಂತ ಕೇಳಿ. ಕೇಳುವ ಹಕ್ಕು ನಿಮಗಿದೆ, ಮಗುವಿನ ಜೊತೆ ಎಲ್ಲರಿಗಿಂತ ಜಾಸ್ತಿ ಹೊತ್ತು ಇರುವವರು ನೀವೇ.

ಪ್ರಶ್ನೆ: ನಾಲ್ಕು ವರ್ಷದ ಮಗಳು ‘ನೀರು ಬೇಕಾ?’ ಅಂದರೆ ‘ನೀರು ಬೇಕಾ?’ ಅಂತಲೇ ಹೇಳುತ್ತಾಳೆ. ಬಿಡಿಸುವುದು ಹೇಗೆ?

ಉತ್ತರ: ಬಿಡಿಸಬೇಡಿ. ಅದು ಅವಳ ‘ಹೌದು’ ಇರಬಹುದು. ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ 1943ರಲ್ಲಿ ಆಟಿಸಂ ಇರುವ 11 ಮಕ್ಕಳ ಬಗ್ಗೆ ಬರೆದಾಗಲೇ, ಪ್ರಶ್ನೆಯನ್ನು ಹಾಗೇ ತಿರುಗಿ ಹೇಳಿ ಒಪ್ಪಿಗೆ ತಿಳಿಸುವುದನ್ನು ಗುರುತಿಸಿದ್ದರು. ಪ್ರಶ್ನೆ ಕಡಿಮೆ ಮಾಡಿ. ಲೋಟ ಹಿಡಿದು, ಅವಳೇ ಹೇಳಬೇಕಾದ ರೀತಿಯಲ್ಲಿ ‘ನೀರು ಬೇಕು’ ಅಂತ ನೀವೇ ಹೇಳಿ ಕೊಡಿ. ಅವಳು ತಿರುತಿರುಗಿ ಹೇಳುವ ಸಾಲುಗಳನ್ನು, ಆಗ ಏನು ನಡೆಯುತ್ತಿತ್ತು ಅನ್ನುವುದನ್ನೂ ಸೇರಿಸಿ ಬರೆದಿಡಿ, ಥೆರಪಿಸ್ಟ್‌ಗೆ ತುಂಬಾ ಉಪಯೋಗಕ್ಕೆ ಬರುತ್ತದೆ. ಮೊದಲು ಸ್ವಂತವಾಗಿ ಆಡುತ್ತಿದ್ದ ಪದಗಳು ನಿಂತುಹೋಗಿದ್ದರೆ ಮಾತ್ರ ಕಾಯದೆ ಮಕ್ಕಳ ಡಾಕ್ಟರಿಗೆ ತಿಳಿಸಿ.