ಮಳೆ ಬಂದರೆ ಎಬಿಎಸ್ ಲೈಟ್, ಬಿಸಿಲು ಬಂದರೆ ಮಾಯ: ಸೆನ್ಸರ್ ಬದಲಿಸಬೇಕಾ?

ನೀವು ಬರೆದಿದ್ದು ಇಷ್ಟು: ಗಾಡಿ 2019ರದ್ದು, ವಿರಾಜಪೇಟೆ ಹತ್ತಿರ ತೋಟದ ಮನೆಯಲ್ಲಿ ಇರುತ್ತದೆ, ಜೋರು ಮಳೆ ಹಿಡಿದಾಗಿನಿಂದ ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಲೈಟ್ ಆಗಾಗ ಹತ್ತುತ್ತದೆ, ಎರಡು ದಿನ ಹೊಳವಾದರೆ ತಾನಾಗೇ ಹೋಗುತ್ತದೆ, ಗ್ಯಾರೇಜಿನವರು ಮುಂದಿನ ಎರಡೂ ಚಕ್ರದ ವೇಗ ಅಳೆಯುವ ಸೆನ್ಸರ್ ಹೊಸದು ಹಾಕಿಸಿ ಅಂತಿದ್ದಾರೆ. ಹಾಕಿಸಬೇಡಿ. ಈಗಲೇ ಬೇಡ.

ಪೂರ್ತಿ ಸತ್ತ ಸೆನ್ಸರ್ ಬಿಸಿಲು ಕಂಡು ಎದ್ದು ಕೂರುವುದಿಲ್ಲ. ಮಳೆಗೆ ಬಂದು ಬಿಸಿಲಿಗೆ ಹೋಗುವ ಲೈಟ್ ಅಂದರೆ ಹೆಚ್ಚಾಗಿ ಎಲ್ಲೋ ನೀರು ಇಳಿಯುತ್ತಿದೆ ಅಂತ ಅರ್ಥ. ಕನೆಕ್ಟರ್ ಒಳಗೆ ಇರಬಹುದು, ವೈರಿನ ಸೀಳಿನಲ್ಲಿ ಇರಬಹುದು, ಸೆನ್ಸರಿನ ಮೈಯೇ ಬಿರುಕು ಬಿಟ್ಟಿರಲೂಬಹುದು. ಆದರೆ ಅದು ಕೊನೆಯ ಅನುಮಾನ, ಮೊದಲನೆಯದಲ್ಲ.

ನಾನು ಮೆಕ್ಯಾನಿಕ್ ಅಲ್ಲ, ಮಡಿಕೇರಿ ಕಡೆ ಕಾಫಿ ತೋಟ ಮಾಡಿಕೊಂಡು ಇರುವವನು. ಇದೇ ರೋಗಕ್ಕೆ ಒಂದು ಕಕ್ಕಡದಲ್ಲಿ (ಕೊಡಗಿನ ಜೋರು ಮಳೆಯ ತಿಂಗಳು) ಎಡಗಡೆ ಸೆನ್ಸರಿಗೆ ದುಡ್ಡು ಕೊಟ್ಟು ಬಂದೆ. ಮೂರು ದಿನ ಚೆನ್ನಾಗಿತ್ತು (ಮೂರು ದಿನ ಮಳೆಯೂ ಇರಲಿಲ್ಲ, ಅದು ಆಮೇಲೆ ಹೊಳೆಯಿತು), ನಾಲ್ಕನೇ ದಿನ ಸಂಪಾಜೆ ಘಾಟಿ ಇಳಿಯುವಾಗ ಮತ್ತೆ ಹತ್ತಿತು. ಕೊನೆಗೆ ನಾನೇ ಚಕ್ರ ಬಿಚ್ಚಿ, ಟಾರ್ಚ್ ಹಿಡಿದು, ವೈರನ್ನು ಬೆರಳಿನಲ್ಲಿ ಸವರುತ್ತಾ ಮೇಲೆ ಹೋದೆ. ಒಂದು ಕಡೆ ಇಲಿ ಕಡಿದಿತ್ತು. ಪೂರ್ತಿ ತುಂಡಾಗಿಲ್ಲ, ಮೇಲಿನ ಸಿಪ್ಪೆ ಮಾತ್ರ ಹೋಗಿತ್ತು, ಒಳಗಿನ ತಾಮ್ರ ಥೇಟ್ ಮೈಲುತುತ್ತದ ಬಣ್ಣ. ಮೈಲುತುತ್ತ ಬೆರೆಸಿದ ಬೋರ್ಡೋ ದ್ರಾವಣ ತೋಟಕ್ಕೆ ಹೊಡೆಯುವವರಿಗೆ ಆ ಬಣ್ಣ ಹೇಳಿಕೊಡಬೇಕಾ!

ಗಾಡಿಯ ಕಂಪ್ಯೂಟರಿಗೆ ಸೆನ್ಸರ್ ಕಾಣುವುದಿಲ್ಲ, ಸಿಗ್ನಲ್ ಮಾತ್ರ ಕಾಣುತ್ತದೆ. ಸಿಗ್ನಲ್ ಬರಲಿಲ್ಲ ಅಂದರೆ "ಎಡ ಮುಂದಿನ ಚಕ್ರದ ಸೆನ್ಸರ್ ಸರ್ಕ್ಯೂಟ್" ಅಂತ ಕೋಡ್ ಬರೆದಿಡುತ್ತದೆ. ಸರ್ಕ್ಯೂಟ್ ಅಂದರೆ ಸೆನ್ಸರ್, ವೈರ್, ಪಿನ್, ಎಲ್ಲ ಸೇರಿ. ಗ್ಯಾರೇಜಿನಲ್ಲಿ ಆ ಸಾಲಿನ ಮೊದಲರ್ಧ ಮಾತ್ರ ಓದುತ್ತಾರೆ. ಎಂಜಿನ್ ಲೈಟಿನಲ್ಲೂ ಇದೇ ಕಥೆ. ಪಿ0171 ಅಂತ ಬಂದರೆ ಎಂಜಿನ್ನಿಗೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ ಅಂತ ಅರ್ಥ, ಅದನ್ನು ಕಂಡು ಹೇಳಿದ್ದು ಆಕ್ಸಿಜನ್ ಸೆನ್ಸರ್. ಒಡೆದಿದ್ದು ಯಾವುದೋ ರಬ್ಬರ್ ಹೋಸ್ ಇರುತ್ತದೆ, ಬದಲಿಸುವುದು ದೂರು ಹೇಳಿದ ಸೆನ್ಸರನ್ನು.

ನೀವು ಹೀಗೆ ಮಾಡಿ. ಮೊದಲು ಕೋಡ್ ಓದಿಸಿ, ಅಳಿಸುವ ಮುಂಚೆ ಪರದೆಯ ಫೋಟೋ ತೆಗೆದುಕೊಳ್ಳಿ. ಬ್ಯಾಟರಿ ವೈರ್ ಬಿಚ್ಚಿ ಲೈಟ್ ಹೋಗಿಸುವವರಿದ್ದಾರೆ, ಅದು ಸಾಕ್ಷಿ ಅಳಿಸಿದ ಹಾಗೆ. ಸ್ಟಿಯರಿಂಗ್ ಕೆಳಗೆ ಗಾಡಿಯ ಕೋಡ್ ಓದುವ 16 ಪಿನ್ನಿನ ಒಬಿಡಿ ಸಾಕೆಟ್ ಇದೆ, ಅದಕ್ಕೆ ಹಾಕುವ ಬ್ಲೂಟೂತ್ ರೀಡರ್ ಅಗ್ಗಕ್ಕೆ ಸಿಗುತ್ತದೆ, ಆದರೆ ಅಗ್ಗದವು ಬಹುಪಾಲು ಎಂಜಿನ್ ಕೋಡ್ ಮಾತ್ರ ಓದುತ್ತವೆ. ಎಬಿಎಸ್ ಓದುವ ಸ್ಕ್ಯಾನರ್ ಇರುವ ಕಡೆಯೇ ಹೋಗಬೇಕು. ಹೋದಾಗ ನಾಲ್ಕೂ ಚಕ್ರದ ವೇಗ ಒಟ್ಟಿಗೆ ತೋರಿಸಲು ಹೇಳಿ. ಒಬ್ಬರು ನಿಧಾನ ಓಡಿಸಲಿ, ಇನ್ನೊಬ್ಬರು ಪರದೆ ನೋಡಲಿ. ಮೂರು ಚಕ್ರ 20 ಕಿ.ಮೀ. ತೋರಿಸಿ ಒಂದು ಸೊನ್ನೆಗೆ ಬಿದ್ದು ಬಿದ್ದು ಏಳುತ್ತಿದ್ದರೆ ಕಳ್ಳ ಸಿಕ್ಕಿದ ಹಾಗೆ. ನಾಲ್ಕೂ ಸರಿ ಇದ್ದರೆ ಗಾಡಿ ನಿಲ್ಲಿಸಿ, ಕೋಡ್ ಹೇಳಿದ ಚಕ್ರದ ಕನೆಕ್ಟರಿಗೆ ಸ್ವಲ್ಪ ನೀರು ಚಿಮುಕಿಸಿ, ವೈರ್ ಅಲ್ಲಾಡಿಸಿ, ಮತ್ತೆ ಒಂದು ಸುತ್ತು ಓಡಿಸಿ ನೋಡಿ. ಮಳೆಗಾಗಿ ಕಾಯಬೇಕಿಲ್ಲ.

ಮಲ್ಟಿಮೀಟರ್ ಹಿಡಿದು ಓಮ್ಸ್ ನೋಡುವುದು ಹಳೇ ಕಾಯಿಲ್ ಮಾದರಿಗೆ ಸರಿ, ಅದರಲ್ಲಿ ಸಾಧಾರಣವಾಗಿ 1000ದಿಂದ 2000 ಓಮ್ ಸುತ್ತ ಬರುತ್ತದೆ. ಈಗಿನ ಗಾಡಿಗಳಲ್ಲಿ ಹೆಚ್ಚಾಗಿ ಇರುವುದು ಹಾಲ್ (Hall) ಮಾದರಿಯಂಥ, ಒಳಗೆ ಚಿಪ್ ಇರುವ ಸೆನ್ಸರ್. ಅದಕ್ಕೆ ಕರೆಂಟ್ ಬೇಕು, ಓಮ್ಸ್ ನೋಡಿ ಸತ್ತಿದೆ ಅಂತ ತೀರ್ಪು ಕೊಟ್ಟರೆ ನಂಬಬೇಡಿ.

ಇನ್ನೊಂದು ಪ್ರಶ್ನೆ: ಈಚೆಗೆ ಚಕ್ರದ ಬೇರಿಂಗ್ ಬದಲಿಸಿದ್ದೀರಾ? ಎಷ್ಟೋ ಗಾಡಿಗಳಲ್ಲಿ ಸೆನ್ಸರ್ ಓದುವ ಆಯಸ್ಕಾಂತದ ಪಟ್ಟಿ ಬೇರಿಂಗಿನ ಒಂದೇ ಮುಖದಲ್ಲಿರುತ್ತದೆ. ತಿರುಗಾ ಮುರುಗಾ ಕೂರಿಸಿದರೆ ಚಕ್ರ ಚೆನ್ನಾಗೇ ತಿರುಗುತ್ತದೆ, ಸೆನ್ಸರಿಗೆ ಏನೂ ಕಾಣುವುದಿಲ್ಲ. ಆದರೆ ಆಗ ಲೈಟ್ ಬಿಸಿಲು ಮಳೆ ನೋಡುವುದಿಲ್ಲ, ಓಡಿಸಿದಾಗಲೆಲ್ಲ ಬರುತ್ತದೆ.

ಬೆಳಿಗ್ಗೆ ಚಳಿಯಲ್ಲಿ ಸ್ಟಾರ್ಟ್ ಮಾಡಿದ ಕೂಡಲೇ ಎಬಿಎಸ್, ಸ್ಟಿಯರಿಂಗ್, ಇನ್ನೆರಡು ಲೈಟ್ ಎಲ್ಲ ಒಟ್ಟಿಗೆ ಬಂದರೆ ಸೆನ್ಸರ್ ಬಿಡಿ, ಬ್ಯಾಟರಿ ನೋಡಿ. ಆಫ್ ಇದ್ದಾಗ 12.6 ವೋಲ್ಟ್ ಹತ್ತಿರ, ಎಂಜಿನ್ ಓಡುವಾಗ 13.5ರಿಂದ 14.5 ಇರಬೇಕು. ಅರ್ಥಿಂಗ್ ವೈರಿನ ಬೋಲ್ಟ್ ತುಕ್ಕು ಹಿಡಿದಿದ್ದರೂ ಹೀಗೇ ಆಗುತ್ತದೆ. ಹುಡುಕುವಾಗ ಹಳದಿ ಬಣ್ಣದ ಕನೆಕ್ಟರ್ ಕಂಡರೆ ಮೀಟರ್ ಚುಚ್ಚಬೇಡಿ, ಅದು ಏರ್‌ಬ್ಯಾಗಿನದು.

ಅಲ್ಲಿಯವರೆಗೆ ಓಡಿಸಬಹುದಾ ಅಂತ ಕೇಳಿದ್ದೀರಿ. ಎಬಿಎಸ್ ಲೈಟ್ ಒಂದೇ ಇದ್ದರೆ ಮಾಮೂಲಿ ಬ್ರೇಕ್ ಇರುತ್ತದೆ, ಆದರೆ ಒದ್ದೆ ರೋಡಿನಲ್ಲಿ ಜೋರಾಗಿ ಒತ್ತಿದರೆ ಚಕ್ರ ಲಾಕ್ ಆಗಿ ಗಾಡಿ ಜಾರುತ್ತದೆ. ಮಾಕುಟ್ಟ ಘಾಟಿ ಕಡೆ ಇಳಿಯುವುದಾದರೆ ಎರಡನೇ ಗೇರಿನಲ್ಲಿ, ನಿಧಾನ. ಜೊತೆಗೆ ಕೆಂಪು ಬ್ರೇಕ್ ಲೈಟೂ ಇದ್ದು, ಹ್ಯಾಂಡ್‌ಬ್ರೇಕ್ ಹಾಕಿರದಿದ್ದರೆ, ಅಲ್ಲೇ ನಿಲ್ಲಿಸಿ ಬ್ರೇಕ್ ಆಯಿಲ್ ನೋಡಿ. ಆ ಹೊತ್ತಿಗೆ ಸೆನ್ಸರ್ ಬಗ್ಗೆ ಯೋಚನೆಯೇ ಬೇಡ. ಎಂಜಿನ್ ಲೈಟ್ ಮಿಣಮಿಣ ಮಾಡಿದರೂ ಹಾಗೇ ಓಡಿಸಿಕೊಂಡು ಹೋಗಬೇಡಿ.

ವೈರ್ ಕೆಟ್ಟಿದ್ದು ಸಿಕ್ಕಿದರೆ ಸುಮ್ನೆ ಕರಿ ಟೇಪ್ ಸುತ್ತಬೇಡಿ, ನಮ್ಮ ಮಳೆಗೆ ಅದು ಒಂದು ವಾರ ಬರಲ್ಲ. ಹಸಿರಾದ ಭಾಗ ಕತ್ತರಿಸಿ ಬೆಸೆದು, ಒಳಗೆ ಗೋಂದು ಇರುವ, ಬಿಸಿಗೆ ಕುಗ್ಗುವ ಸ್ಲೀವ್ ಹಾಕಿಸಿ. ಪಿನ್ ಮಾತ್ರ ಹಸಿರಾಗಿದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಒಣಗಿಸಿದರೆ ಸಾಕು, ಕನೆಕ್ಟರಿನ ರಬ್ಬರ್ ಸೀಲ್ ಹರಿದಿದೆಯಾ ಅದನ್ನೂ ನೋಡಿ.

ಮತ್ತೆ ಗಾಡಿಯನ್ನು ಕಾಫಿ ಚೀಲ, ಭತ್ತ ಇಡುವ ಶೆಡ್ಡಿನಲ್ಲಿ ನಿಲ್ಲಿಸುತ್ತೀರಾ? ನಾನು ಅಲ್ಲೇ ನಿಲ್ಲಿಸುತ್ತಿದ್ದೆ. ಈಗ ಅಂಗಳದಲ್ಲಿ, ಒದ್ದೆಯಾಗಲಿ ಅಂತ ಬಿಟ್ಟಿದ್ದೇನೆ.